ಕಂತು ನಿಲ್ಲಿಸಿದವರು ಇಬ್ಬರು, ನಿದ್ದೆ ಕೆಟ್ಟಿದ್ದು ಮೂರನೆಯವರಿಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಚಿಕಿತ್ಸಾಲಯಕ್ಕೆ ಬಂದ ಆ ಮಹಿಳೆಗೆ ನಿದ್ದೆ ಬರುತ್ತಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಲ್ಲವೂ ಸರಿಯಿದ್ದವು. ಮಾತಿಗೆ ಕೂತಾಗ ಗೊತ್ತಾಯಿತು: ಆಕೆ ಊರಿನ ಸ್ತ್ರೀಶಕ್ತಿ ಸಂಘದ ಒಂದನೇ ಪ್ರತಿನಿಧಿ. ಹದಿನಾರು ಸದಸ್ಯೆಯರ ಪೈಕಿ ಇಬ್ಬರು ಬ್ಯಾಂಕ್ ಸಾಲದ ಕಂತು ನಿಲ್ಲಿಸಿದ್ದರು. ಕೊರತೆಯನ್ನು ಈಕೆ ಮನೆಯವರಿಗೆ ತಿಳಿಸದೆ ಓಲೆ ಅಡವಿಟ್ಟು ತುಂಬುತ್ತಿದ್ದರು.

ಬದುಕು ಸಾಕೆನಿಸಿದೆಯೇ ಎಂದು ಮೊದಲು ನೇರವಾಗಿ ಕೇಳಿದೆ. ಸಾಲದ ಸಂಕಟದಲ್ಲಿರುವವರನ್ನು ಇದನ್ನು ಕೇಳದೆ ಕಳುಹಿಸಬಾರದು. ಅಂಥ ಯೋಚನೆ ಇಲ್ಲವೆಂದರು. ಆದರೂ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಟ್ಟೆ.

ಸಂಘದ ಸಭೆ ಹೇಗೆ ನಡೆಯುತ್ತದೆ ಎಂದು ಕೇಳಿದೆ. ಉಳಿತಾಯದ ಹಣ ಎಣಿಸಿದ ಕೂಡಲೇ ಜೋರುದನಿಯ ಮೂವರು ಶುರುಮಾಡುತ್ತಾರೆ: ಆ ಇಬ್ಬರ ಮನೆ ಮುಂದೆ ಕೂರೋಣ, ಹೆಸರು ಕಿತ್ತುಹಾಕೋಣ. ಉಳಿದವರು ತಲೆ ತಗ್ಗಿಸುತ್ತಾರೆ. ಕಂತು ಕಟ್ಟದವರು ಸಭೆಗೇ ಬರುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಮಾತ್ರ ಪ್ರತಿವಾರ 'ಚರ್ಚಿಸಲಾಯಿತು' ಎಂದು ಬರೆದಿರುತ್ತದೆ. ನನ್ನ ದೃಷ್ಟಿಯಲ್ಲಿ ಅಲ್ಲಿ ಚರ್ಚೆಯೇ ಆಗಿರಲಿಲ್ಲ. ಆ ಇಬ್ಬರು ಏಕೆ ಕಟ್ಟುತ್ತಿಲ್ಲ ಎಂದು ಯಾರೂ ಕೇಳಿರಲಿಲ್ಲ.

"ಅಕ್ಕ, ಈ ಸಾಲ ಸಂಘದ್ದು. ಅದನ್ನು ನಿಮ್ಮ ಕಿವಿಯಿಂದ ತೀರಿಸಬೇಡಿ, ಸಭೆಗೆ ಒಪ್ಪಿಸಿ," ಎಂದೆ. ಜೊತೆಗೆ ಒಂದು ಕ್ರಮ ಸೂಚಿಸಿದೆ. ಮುಂದಿನ ಸಭೆಯಲ್ಲಿ ಪರಿಹಾರದ ಮಾತೇ ಬೇಡ. ಯಾರಿಗೆ ಏನು ಗೊತ್ತೋ ಅದನ್ನಷ್ಟೇ ಹೇಳಬೇಕು. ಬರೆಯಲು ಬಾರದವರಿದ್ದುದರಿಂದ ಇಬ್ಬಿಬ್ಬರಾಗಿ ಕೂತು ಮಾತಾಡಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರು ಸಭೆಗೆ ತಿಳಿಸಲಿ. ಕಿರಿಯರಿಂದ ಆರಂಭವಾಗಲಿ, ಪ್ರತಿನಿಧಿ ಕೊನೆಗೆ ಮಾತಾಡಲಿ. ಆ ಇಬ್ಬರನ್ನು ಅವರಿಗೆ ಹತ್ತಿರದವರೇ ಹೋಗಿ ಕರೆತರಲಿ.

ಈ ಸಲಹೆಗೆ ಆಧಾರವಿದೆ. ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ ಮತ್ತೆ ಮತ್ತೆ ಚರ್ಚೆಯಾಗುತ್ತದೆ, ಒಬ್ಬರಿಗಷ್ಟೇ ಗೊತ್ತಿರುವುದು ಹೊರಬರುವುದೇ ಕಡಿಮೆ ಎಂಬುದನ್ನು ಸ್ಟಾಸರ್ ಮತ್ತು ಟೈಟಸ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ಪ್ರಯೋಗದಿಂದ ತೋರಿಸಿದರು. ಹಳ್ಳಿಯ ಸಭೆಯಲ್ಲಿ ವಯಸ್ಸು, ಜಾತಿ, ಓರಗಿತ್ತಿ-ಅತ್ತೆಯ ನಂಟು ಎಲ್ಲ ಸೇರಿ ಬಾಯಿ ಇನ್ನಷ್ಟು ಕಟ್ಟುತ್ತವೆ.

ಸಭೆ ಎರಡು ಗಂಟೆ ನಡೆಯಿತಂತೆ. ಕಂತು ನಿಲ್ಲಿಸಿದ್ದ ಇಬ್ಬರಲ್ಲಿ ಒಬ್ಬಾಕೆಯ ಗಂಡ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಕೂಲಿ ನಿಂತಿತ್ತು. ಇದು ಅರ್ಧ ಊರಿಗೆ ಗೊತ್ತಿತ್ತು. ಇನ್ನೊಬ್ಬಾಕೆ ಮೂರು ಕಿರುಸಾಲ (ಮೈಕ್ರೋಫೈನಾನ್ಸ್) ಕಂಪನಿಗಳಿಂದ ಸಾಲ ಪಡೆದಿದ್ದಳು. ಅವರ ವಸೂಲಿ ಸೋಮವಾರ ಬೆಳಿಗ್ಗೆ, ಸಂಘದ ಸಭೆ ಅದೇ ಸಂಜೆ. ಹಾಗಾಗಿ ಸಂಘಕ್ಕೆ ಬರುವಷ್ಟರಲ್ಲಿ ಕೈ ಖಾಲಿ. ಪಕ್ಕದ ಮನೆಯ ಹುಡುಗಿಗೆ ಇದು ತಿಂಗಳುಗಳಿಂದ ತಿಳಿದಿತ್ತು. ಯಾರೂ ಕೇಳದ್ದರಿಂದ ಹೇಳಿರಲಿಲ್ಲ.

ಎರಡನೇ ಸಭೆಯಲ್ಲಿ ಪರಿಹಾರಗಳು ಬಂದವು. ಡೈರಿಯ ಬಟವಾಡೆ ಆಗುವ ಶುಕ್ರವಾರಕ್ಕೆ ಸಭೆ ಬದಲಾಯಿತು. ಕಾಲು ಮುರಿದವರ ಮನೆಗೆ ಸುಗ್ಗಿಯವರೆಗೆ ಬಡ್ಡಿಯಷ್ಟೇ, ಆ ಕೊರತೆ ಸಂಘದ ಉಳಿತಾಯದಿಂದ. ಸುಗ್ಗಿಯವರೆಗೆ ಎಂಬ ಗಡುವನ್ನು ಹಾಕಿಸಿದ್ದು ಜೋರುದನಿಯ ಮೂವರಲ್ಲೇ ಒಬ್ಬಾಕೆ. ಅಂಥವರನ್ನು ಸುಮ್ಮನಿರಿಸುವುದು ನನ್ನ ಉದ್ದೇಶವಾಗಿರಲಿಲ್ಲ. ವಸೂಲಿಗಾರರು ಮನೆಗೆ ಬಂದು ಬೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು, ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದಿದೆ ಎಂದೂ ತಿಳಿಸಿದೆ.

ಮೂರು ಕಡೆ ಸಾಲವಿದ್ದಾಕೆ ಈಗಲೂ ಕೆಲವು ವಾರ ತಪ್ಪಿಸುತ್ತಾಳೆ, ಆದರೆ ಸಭೆಗೆ ಬಂದು ಕಾರಣ ಹೇಳುತ್ತಾಳೆ. ಪ್ರತಿನಿಧಿಗೆ ನಿದ್ದೆ ಬರುತ್ತಿದೆ. ಓಲೆ ಇನ್ನೂ ಅಡವಿನಲ್ಲೇ ಇದೆ. ಅದನ್ನು ಬಿಡಿಸುವ ಹಣ ಸಂಘ ಕೊಡಬೇಕೇ ಎಂಬುದನ್ನು ಮುಂದಿನ ಸಭೆಯಲ್ಲಿ ಆಕೆಯೇ ಎತ್ತಬೇಕೆಂದು ಹೇಳಿದ್ದೇನೆ, ಸಂಕೋಚಪಡುತ್ತಿದ್ದಾರೆ.