ತಾಳೆ ತೋಟವು ನಿಸರ್ಗ ಉದ್ಯಾನವಾದೀತೇ?

ಪ್ರಶ್ನೆ: ಹಾನಗಲ್ಲ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಮಸಾರಿ ಹೊಲವಿದೆ. ಮೂರು ಎಕರೆಗೆ ಒಂಬತ್ತು ವರ್ಷಗಳ ಹಿಂದೆ ಎಣ್ಣೆತಾಳೆ ಹಚ್ಚಿದ್ದೇವೆ. ಉಳಿದ ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತೇವೆ. ಮೂರು ವರ್ಷಗಳಿಂದ ಕಳೆನಾಶಕವನ್ನು ಬಿಟ್ಟಿದ್ದೇವೆ. ಬಂಕಾಪುರದ ನವಿಲುಧಾಮಕ್ಕೆ ಬರುವವರೂ ಶಾಲೆಯ ಮಕ್ಕಳೂ ನೋಡಿಹೋಗುವಂತೆ ತೋಟವನ್ನು ಚಿಕ್ಕ ನಿಸರ್ಗ ಉದ್ಯಾನವಾಗಿ ನಡೆಸಬೇಕೆಂಬುದು ನನ್ನ ಮಗನ ಆಸೆ. ಇರುವುದು ಒಂದೇ ಕೊಳವೆಬಾವಿ. ತಾಳೆ ಗಿಡಗಳನ್ನು ಕಡಿಯದೆಯೇ ಇದು ಸಾಧ್ಯವೇ?
— ಒಬ್ಬ ರೈತ, ಹಾನಗಲ್ಲ ತಾಲ್ಲೂಕು

ಉತ್ತರ: ಕೆಲವು ಗಿಡಗಳನ್ನಾದರೂ ಕಡಿಯಬೇಕಾಗುತ್ತದೆ. ಒಂಬತ್ತು ಮೀಟರ್ ಅಂತರದ ತ್ರಿಕೋನ ನಾಟಿಯಲ್ಲಿ ಎಕರೆಗೆ ಸುಮಾರು 57 ಗಿಡಗಳು ಹಿಡಿಯುವುದರಿಂದ ನಿಮ್ಮಲ್ಲಿ ಸುಮಾರು 170 ಗಿಡಗಳಿರಬಹುದು. ದೂರದಿಂದ ನೋಡಿದವರಿಗೆ ಅದು ಕಾಡಿನಂತೆಯೇ ಕಾಣುತ್ತದೆ. ಆದರೆ ಪಶ್ಚಿಮ ಆಫ್ರಿಕಾ ಮೂಲದ ಒಂದೇ ಜಾತಿಯ ಗಿಡಗಳು ಒಂದೇ ವಯಸ್ಸಿನಲ್ಲಿ ಸಾಲುಗಟ್ಟಿ ನಿಂತಲ್ಲಿ ನಮ್ಮ ಭಾಗದ ಹಕ್ಕಿ, ಚಿಟ್ಟೆ, ಜೇನುಗಳಿಗೆ ವರ್ಷವಿಡೀ ಬೇಕಾದ ಹೂವು, ಹಣ್ಣು ದೊರೆಯುವುದಿಲ್ಲ. ಮಕ್ಕಳಿಗೆ ಅದನ್ನೇ ಕಾಡೆಂದು ತೋರಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಎಷ್ಟು ಕಡಿಯಬೇಕೆಂಬುದಕ್ಕೆ ಇಂಡೊನೇಷ್ಯಾದ ಸುಮಾತ್ರಾದಲ್ಲಿ ನಡೆದ ಪ್ರಯೋಗವೊಂದು ದಾರಿ ತೋರಿಸುತ್ತದೆ. ಅಲ್ಲಿನ ಜಂಬಿ ಪ್ರಾಂತ್ಯದ ತಾಳೆ ತೋಟವೊಂದರಲ್ಲಿ 2013ರಲ್ಲಿ 25 ಚದರ ಮೀಟರಿನಿಂದ 1,600 ಚದರ ಮೀಟರಿನವರೆಗಿನ 52 ತುಂಡುಗಳನ್ನು ಗುರುತಿಸಿ, ಅವುಗಳೊಳಗಿನ ತಾಳೆಗಳಲ್ಲಿ ಶೇಕಡಾ 40ರಷ್ಟನ್ನು ತೆಗೆದು, ಹೆಚ್ಚಿನವುಗಳಲ್ಲಿ ಆ ನೆಲದ ಮರಗಳನ್ನೇ ನೆಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಜೀವವೈವಿಧ್ಯ ಹೆಚ್ಚಿತು, ಒಟ್ಟು ತೋಟದ ಇಳುವರಿ ಕುಗ್ಗಲಿಲ್ಲ, ಮತ್ತು ದೊಡ್ಡ ತುಂಡುಗಳಲ್ಲೇ ಪರಿಣಾಮ ಹೆಚ್ಚಾಗಿತ್ತು. ಅಲ್ಲಿನ ಮಳೆ ನಮ್ಮದಲ್ಲ ಎಂಬುದನ್ನು ಮರೆಯಬಾರದು. ಆದರೂ ಲೆಕ್ಕ ಉಪಯುಕ್ತ. 1,600 ಚದರ ಮೀಟರ್ ಎಂದರೆ ಸುಮಾರು 16 ಗುಂಟೆ. ಅಷ್ಟು ಜಾಗದಲ್ಲಿ ನಿಮ್ಮ 23 ಗಿಡಗಳಿರುತ್ತವೆ; ಕಡಿಯಬೇಕಾದದ್ದು ಒಂಬತ್ತು. ಇಳುವರಿ ಕಡಿಮೆಯಿರುವ ಮೂಲೆಯನ್ನೇ ಇದಕ್ಕೆ ಆರಿಸಿ, ಗೋವಿನಜೋಳದ ಹೊಲದ ಬದುವಿಗೆ ಅದು ಹೊಂದಿಕೊಂಡಿದ್ದರೆ ಇನ್ನೂ ಒಳ್ಳೆಯದು. ಮತ್ತಿ, ಹೊನ್ನೆ, ನೇರಳೆ, ಅತ್ತಿ, ಹುಲಗಲ ಇವುಗಳನ್ನು ಸಾಲು ಹಿಡಿಯದೆ ಬೆರಸಿ ಹಚ್ಚಿರಿ.

ನೀರಿನ ದೃಷ್ಟಿಯಿಂದಲೂ ಇದು ನಷ್ಟವಲ್ಲ. ಬೆಳೆದ ತಾಳೆಗೆ ದಿನಕ್ಕೆ 200 ಲೀಟರ್ ಎಂದು ಹಿಡಿದರೂ 170 ಗಿಡಗಳಿಗೆ 34,000 ಲೀಟರ್ ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂಬತ್ತು ಗಿಡ ಕಡಿದರೆ ಉಳಿಯುವ ನೀರಿನ ಒಂದು ಪಾಲಿನಲ್ಲಿಯೇ ಎಳೆಯ ಸಸಿಗಳನ್ನು ಮೊದಲ ಎರಡು ಬೇಸಿಗೆ ದಾಟಿಸಬಹುದು. ಹೊಲದ ತಗ್ಗಿನಲ್ಲಿ ಕೃಷಿಹೊಂಡ ತೋಡಿಸುವುದಾದರೆ ಒಂದು ಬದಿಯನ್ನಾದರೂ ಪ್ಲಾಸ್ಟಿಕ್ ಹಾಳೆಯಿಲ್ಲದೆ ಇಳಿಜಾರಾಗಿ ಬಿಡಿರಿ. ಹಾಳೆಯ ಕಡಿದಾದ ಬದಿಗೆ ಜಾರಿದ ಪ್ರಾಣಿ ಮೇಲೇರಲಾರದು.

ಉಳಿದ ತಾಳೆಗಳ ನಡುವೆ ಮಾಡುವುದಕ್ಕಿಂತ ಮಾಡದೆ ಬಿಡುವುದೇ ಹೆಚ್ಚು. ಕಾಂಡಕ್ಕಂಟಿದ ಹಳೆಯ ಗರಿಬುಡಗಳನ್ನು ಸವರಿ ನುಣುಪು ಮಾಡಬೇಡಿ. ಅಲ್ಲಿ ಜರೀಗಿಡಗಳು ಬೇರೂರುತ್ತವೆ, ಹಕ್ಕಿಗಳು ತಂದ ಬೀಜದಿಂದ ಬಸರಿ, ಆಲಗಳೂ ಮೊಳೆಯುತ್ತವೆ. ಕತ್ತರಿಸಿದ ಗರಿಗಳನ್ನು ಸಾಲುಬಿಟ್ಟು ಸಾಲಿನಲ್ಲಿ ಹರಡಿರಿ. ಒಣಗಿದ ಗಂಡುಹೂಗೊಂಚಲುಗಳನ್ನು ಕಿತ್ತೆಸೆಯಬೇಡಿ, ಏಕೆಂದರೆ ಪರಾಗಸ್ಪರ್ಶ ಮಾಡುವ ಸೊಂಡಿಲಕೀಟವು ಮೊಟ್ಟೆಯಿಟ್ಟು ಮರಿ ಮಾಡುವುದು ಅವುಗಳಲ್ಲಿಯೇ. ಕ್ಯಾಮರೂನಿನ ಈ ಪುಟ್ಟ ಕೀಟವನ್ನು 1981ರಲ್ಲಿ ಮಲೇಷ್ಯಾಕ್ಕೂ 1985ರಲ್ಲಿ ಭಾರತಕ್ಕೂ ತರಲಾಯಿತು. ಅರಳಿದ ಗಂಡುಹೂವಿಗೆ ಬಡೇಸೋಪಿನ ವಾಸನೆಯಿದೆ. ಮಕ್ಕಳಿಗೆ ಫಲಕಗಳಿಗಿಂತ ಆ ವಾಸನೆಯೇ ಹೆಚ್ಚು ದಿನ ನೆನಪಿರುತ್ತದೆ. ಆದರೆ ತಿಪ್ಪೆಯನ್ನು ಮಾತ್ರ ತೋಟದ ಪಕ್ಕದಲ್ಲಿ ಇಡಬೇಡಿ. ಸುಳಿ ಕೊರೆಯುವ ಕುರುವಾಯಿ ದುಂಬಿ ಹುಟ್ಟುವುದು ಅಲ್ಲಿ.

ಪ್ರಶ್ನೆ: ನಮ್ಮದೂ ಎರಡು ಎಕರೆ ತಾಳೆ ತೋಟ. ನೋಡಲು ಬರುವವರಿಂದ ಶುಲ್ಕ ಪಡೆದು, ತಂಗಲು ಎರಡು ಕೋಣೆ ಕಟ್ಟಿಸಿದರೆ ತಾಳೆಯ ಆದಾಯವನ್ನೇ ನಂಬಬೇಕಾಗಿಲ್ಲವಲ್ಲವೇ?
— ಓದುಗರೊಬ್ಬರು, ಶಿಗ್ಗಾವಿ

ಉತ್ತರ: ಕೋಣೆಗಳ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಅನುಮತಿ ಬೇಕಾಗುತ್ತದೆ. ಸಾಲ ಮಾಡಿ ಕಟ್ಟಿಸಿದ ಮೇಲೆ ಕಚೇರಿಗೆ ಅಲೆಯುವುದಕ್ಕಿಂತ ಮೊದಲೇ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ತಾಳೆಯ ಗೊನೆ ಕೊಯ್ದ 24 ಗಂಟೆಯೊಳಗೆ ಗಿರಣಿ ಸೇರಬೇಕು, ಇಲ್ಲವಾದರೆ ಎಣ್ಣೆಯ ಗುಣ ಕೆಡುತ್ತದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಬರುವ ಈ ಕೊಯ್ಲನ್ನು ಅತಿಥಿಗಳಿಗಾಗಿ ಮುಂದೂಡಲು ಬರುವುದಿಲ್ಲ. ಗೊನೆಯೊಂದು 20 ಕಿಲೋಗೂ ಹೆಚ್ಚು ತೂಗಬಹುದು, ಗರಿಯ ದಂಟಿನ ಅಂಚಿನಲ್ಲಿ ಮುಳ್ಳುಗಳಿವೆ, ಇಲಿಗಳ ಬೆನ್ನಿಗೆ ಹಾವುಗಳೂ ಬರುತ್ತವೆ. ಆದ್ದರಿಂದ ಕೊಯ್ಲಿನ ದಿನ ಯಾರನ್ನೂ ಒಳಗೆ ಬಿಡದೆ, ಉಳಿದ ದಿನಗಳಲ್ಲಿ ಮೊದಲೇ ತಿಳಿಸಿ ಬರುವ ಹತ್ತಿಪ್ಪತ್ತು ಜನರನ್ನು ಮಾತ್ರ ನೀವೇ ಮುಂದೆ ನಿಂತು ಕರೆದೊಯ್ಯಿರಿ.