ಲೇಹ್‌ಗೆ ಇಳಿದ ಮರುದಿನವೇ ಚಾರಣ ಶುರು ಮಾಡಬಹುದಾ?

ಪ್ರಶ್ನೆ: ಆಗಸ್ಟ್‌ನಲ್ಲಿ ಗೆಳೆಯರು ಮೂವರು ಲಡಾಖ್‌ನ ಮಾರ್ಖಾ ಕಣಿವೆಗೆ ಹೊರಟಿದ್ದೇವೆ. ರಜೆ ಕಮ್ಮಿ, ಆರೇ ದಿನ. ಹಾಗಾಗಿ ವಿಮಾನದಲ್ಲಿ ಲೇಹ್ ತಲುಪಿ ಮರುದಿನವೇ ನಡೆಯೋಣ ಅಂತಿದ್ದೇವೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರು ನಾವು, ಅಷ್ಟು ಸಾಕಲ್ವಾ? ಹಿಮಚಿರತೆ ಕಾಣಿಸುತ್ತಾ?
– ಓದುಗ, ಹಾಸನ

ಉತ್ತರ: ಕಾಲಿಗೆ ಸಾಕು, ಎತ್ತರಕ್ಕೆ ಸಾಲದು. ಕುಮಾರ ಪರ್ವತ 1,712 ಮೀಟರ್. ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಂದರೆ ವಿಮಾನ ಇಳಿದು ಬ್ಯಾಗ್ ಹೆಗಲಿಗೇರಿಸುವ ಹೊತ್ತಿಗೇ ನೀವು ನಮ್ಮ ಮುಳ್ಳಯ್ಯನಗಿರಿಗಿಂತ ಒಂದೂವರೆ ಸಾವಿರ ಮೀಟರ್ ಮೇಲಿರುತ್ತೀರಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಮೂರನೇ ಎರಡು ಪಾಲು ಅಷ್ಟೇ. ಮೈ ಗಟ್ಟಿಯಿದ್ದರೂ ಇದರಲ್ಲಿ ರಿಯಾಯಿತಿ ಇಲ್ಲ.

ಲೇಹ್‌ನಲ್ಲಿ ಎರಡು ಪೂರ್ತಿ ದಿನ ಸುಮ್ನೆ ಇರಿ. ನೀರು ಕುಡಿಯಿರಿ, ಬಜಾರಿನಲ್ಲಿ ನಿಧಾನಕ್ಕೆ ಓಡಾಡಿ. ಚಿಲ್ಲಿಂಗ್ ಕಡೆಯಿಂದ ಕಣಿವೆಗೆ ಇಳಿದರೆ ಮೊದಲ ದಿನಗಳು ಲೇಹ್‌ನಷ್ಟೇ ಎತ್ತರ, ತೊಂದರೆ ಇಲ್ಲ. ಎಡವೋದು ಮೇಲೆ, ಹಂಕರ್ ಹಳ್ಳಿ ದಾಟಿದ ಮೇಲೆ. ಅಲ್ಲಿಂದ ನಿಮಲಿಂಗ್ ಹುಲ್ಲುಗಾವಲಿಗೆ ಒಂದೇ ದಿನ ನಡೆದರೆ ಏಳುನೂರು ಮೀಟರಿಗೂ ಜಾಸ್ತಿ ಏರುತ್ತೀರಿ, ಆದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಐನೂರಕ್ಕಿಂತ ಹೆಚ್ಚು ಏರಬಾರದು ಅನ್ನೋದು ವೈದ್ಯರು ಹೇಳುವ ಲೆಕ್ಕ. ನಡುವೆ ತಾಚುಂಗ್ಸೆಯಲ್ಲಿ ಒಂದು ರಾತ್ರಿ ತಂಗಿ. ಆಮೇಲೆ ದಾಟಬೇಕಾದ ಕೊಂಗ್ಮಾರು ಲಾ (‘ಲಾ’ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಇನ್ನೂ ಮೇಲೆ, 5,200 ಮೀಟರ್ ಹತ್ತಿರ.

ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ. ಮಾತು ತೊದಲಿದರೆ, ಕುಡಿದವರ ಹಾಗೆ ತೂರಾಡಿದರೆ, ಕೂತಾಗಲೂ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಕೆಳಗಿಳಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಔಷಧದ ಅಲರ್ಜಿ ಇದ್ದರೆ ತಪ್ಪದೇ ಹೇಳಿ.

ಹೊಳೆ ದಾಟೋದನ್ನು ಬೆಳಿಗ್ಗೆಯೇ ಮುಗಿಸಿ. ಬಿಸಿಲೇರಿದ ಹಾಗೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಮೊಣಕಾಲಿಗಿದ್ದ ನೀರು ಮಧ್ಯಾಹ್ನಕ್ಕೆ ತೊಡೆಗೆ ಬಂದಿರುತ್ತದೆ. ಬರಿಗಾಲು ಬೇಡ, ಸ್ಯಾಂಡಲ್ ಇರಲಿ. ಊಟದ ಚಿಂತೆ ಇಲ್ಲ: ಹಳ್ಳಿಗಳಲ್ಲಿ ಹೋಂಸ್ಟೇ ಇವೆ, ದಾರಿಯಲ್ಲಿ ಸೇನೆಯ ಹಳೆ ಪ್ಯಾರಾಚೂಟ್ ಬಟ್ಟೆಯನ್ನೇ ಡೇರೆ ಮಾಡಿ ಚಹಾ, ನೂಡಲ್ಸ್ ಮಾರುತ್ತಾರೆ.

ಹಿಮಚಿರತೆಯಾ? ಇಡೀ ಕಣಿವೆ ಹೆಮಿಸ್ ರಾಷ್ಟ್ರೀಯ ಉದ್ಯಾನದೊಳಗೇ ಇದೆ, ಪ್ರಾಣಿಯೂ ಇದೆ, ಆದರೆ ಆಗಸ್ಟ್‌ನಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಹುಲ್ಲು ಹುಡುಕಿ ಭರಲ್ ಕುರಿಗಳು ಮೇಲೇರಿರುತ್ತವೆ, ಅವುಗಳ ಹಿಂದೆ ಅದೂ. ನೋಡಲೇಬೇಕೆಂದರೆ ಫೆಬ್ರವರಿಯಲ್ಲಿ ರುಂಬಕ್ ಕಡೆಗೆ ಹೋಗಿ. ಈಗ ಹೋದರೆ ನಿಮಲಿಂಗ್‌ನಲ್ಲಿ ದಪ್ಪ ಮಾರ್ಮಟ್‌ಗಳು (ಅಳಿಲಿನ ಬಳಗದ ಪ್ರಾಣಿ) ಬಿಲದ ಬಾಯಲ್ಲಿ ನಿಂತು ಸಿಳ್ಳೆ ಹೊಡೆಯುವುದನ್ನಂತೂ ನೋಡಬಹುದು.

ರಜೆ ನಿಜಕ್ಕೂ ಆರೇ ದಿನ ಅಂದರೆ ಮಾರ್ಖಾ ಬಿಡಿ, ಲಿಕಿರ್‌ನಿಂದ ತೆಮಿಸ್ಗಾಮ್ ಕಡೆಯ ಶಾಮ್ ಕಣಿವೆಗೆ ಹೋಗಿ. ಅದನ್ನು ‘ಬೇಬಿ ಟ್ರೆಕ್’ ಅಂತಾರೆ, ಬೇಜಾರು ಮಾಡ್ಕೋಬೇಡಿ.