"ನಿಂಗೇನ್ ಕಮ್ಮಿ ಆಗೇತಿ?" ಅಂತ ಕೇಳಿಸ್ಕೊಂಡ ಒಬ್ಬ ಬ್ಯಾಂಕ್ ಕ್ಯಾಷಿಯರ್: ಒಂದು ಆಪ್ತಸಲಹೆ ಪ್ರಕರಣ

ನಾನು ಆಪ್ತಸಲಹೆಗಾರ್ತಿ, ಇದು ನನ್ನ ಹತ್ರ ಬಂದ ಒಬ್ಬ ಗಂಡ ಹೆಂಡತಿಯ ಕಥೆ. ಇದನ್ನ ಬರೆಯೋಕೆ ಅವರಿಬ್ಬರ ಒಪ್ಪಿಗೆ ತಗೊಂಡಿದೀನಿ, ಗುರುತು ಸಿಗೋ ಅಂಥ ವಿವರಗಳನ್ನ ಬದಲಾಯಿಸಿದೀನಿ. ಊರು ದಾವಣಗೆರೆ ಕಡೆದು ಅಂತಷ್ಟೇ ಇಟ್ಕೊಳ್ಳಿ. ಗಂಡನಿಗೆ ಐವತ್ತು ದಾಟಿದೆ, ಬ್ಯಾಂಕಲ್ಲಿ ಕ್ಯಾಶ್ ಕೌಂಟರ್ ಕೆಲಸ. ಹೆಂಡತಿ ಮನೇಲೇ ಬ್ಲೌಸ್ ಹೊಲೀತಾರೆ, ಮಗಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಪಿಜಿಲಿದಾಳೆ, ಮಗ ಪಿಯುಸಿ ಓದ್ತಿದಾನೆ.

ಅವರು ತಾವಾಗೇ ಬರಲಿಲ್ಲ, ಹೆಂಡತಿ ಕರ್ಕೊಂಡು ಬಂದ್ರು. "ನಮ್ಮನೆಯವ್ರು ಮಾತೇ ಆಡಲ್ರಿ ಮೇಡಂ, ಬೈಯೋದೂ ಬಿಟ್ಟುಬಿಟ್ಟಾರೆ, ಸಾರಿಗೆ ಉಪ್ಪಿಲ್ಲ ಅಂದ್ರೂ ಸುಮ್ನೆ ಉಂಡು ಎದ್ದು ಹೋಗ್ತಾರೆ" ಅಂದ್ರು. ಅವರನ್ನ ಕೇಳಿದ್ರೆ "ನನಗೇನೂ ಆಗಿಲ್ರಿ, ಸೋಮವಾರ ಬರ್ತೈತಿ, ಶನಿವಾರ ಬರ್ತೈತಿ, ಮತ್ತೆ ಸೋಮವಾರ ಬರ್ತೈತಿ, ಅಷ್ಟೇ" ಅಂದು ನೆಲ ನೋಡ್ತಾ ಕೂತ್ರು.

ಸ್ವಲ್ಪ ಹೊತ್ತಾದ್ಮೇಲೆ ಒಂದು ಮಾತು ಬಂತು. ಕೆಲವು ತಿಂಗಳ ಹಿಂದೆ ಅಣ್ಣನ ಹತ್ರ "ಯಾಕೋ ಯಾವುದ್ರಲ್ಲೂ ಮನಸ್ಸಿಲ್ಲ" ಅಂದಿದ್ರಂತೆ. ಅಣ್ಣ ತಕ್ಷಣ "ಪರ್ಮನೆಂಟ್ ನೌಕರಿ, ಸ್ವಂತ ಮನಿ, ಮಗಳು ದುಡಿಯಾಕತ್ತಾಳ, ನಿಂಗೇನ್ ಕಮ್ಮಿ ಆಗೇತಿ? ಇರೋದಕ್ಕೆ ಖುಷಿ ಪಡೋದು ಕಲಿ" ಅಂದುಬಿಟ್ರಂತೆ. ಅಲ್ಲಿಂದ ಇವರು ಯಾರ ಹತ್ರಾನೂ ಹೇಳ್ಕೊಂಡಿಲ್ಲ. ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ದಿನಾ ಬೆಳಿಗ್ಗೆ ಬರೋ ಶುಭೋದಯದ ಫೋಟೋಗಳಲ್ಲೂ ಇದೇ ಉಪದೇಶ, ಇದ್ದಿದ್ದಕ್ಕೆ ಧನ್ಯರಾಗಿರಿ, ನಿಮಗಿಂತ ಕಷ್ಟದಲ್ಲಿರೋರನ್ನ ನೋಡಿ ಅಂತ. ಅದನ್ನೆಲ್ಲ ಓದಿ ಓದಿ ತಾನು ಕೆಟ್ಟ ಮನುಷ್ಯ, ದೇವರು ಕೊಟ್ಟಿದ್ದನ್ನ ಅನುಭವಿಸೋ ಯೋಗ್ಯತೆ ಇಲ್ಲದೋನು ಅಂತ ಅವರಿಗೇ ಅನ್ನಿಸಿಬಿಟ್ಟಿತ್ತು.

ನನಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯ ಇದೆ. ಕೃತಜ್ಞತೆಯನ್ನ ಒಬ್ಬರ ಬಾಯಿ ಮುಚ್ಚಿಸೋಕೆ ಬಳಸಿದ್ರೆ ಅದರಿಂದ ಯಾರಿಗೂ ಒಳ್ಳೇದಾಗಲ್ಲ, ಹೇಳ್ಕೊಳ್ಳೋರು ಹೇಳ್ಕೊಳ್ಳೋದನ್ನ ನಿಲ್ಲಿಸ್ತಾರೆ ಅಷ್ಟೇ. ಅದಕ್ಕೇ ಮೊದಲನೇ ಭೇಟಿಯಲ್ಲಿ ಆ ಶಬ್ದವನ್ನೇ ಎತ್ತಲಿಲ್ಲ.

ಮೊದಲು ಬೇಕಾಗಿದ್ದು ಬೇರೆ. ಖಿನ್ನತೆ ಇದೆಯಾ ಅಂತ ನೋಡೋಕೆ ಪಿಎಚ್‌ಕ್ಯು-9 ಅಂತ ಒಂದು ಪ್ರಶ್ನಾವಳಿ ಇದೆ, 9 ಪ್ರಶ್ನೆ, ಹಿಂದಿನ ಎರಡು ವಾರ ನಿದ್ದೆ, ಹಸಿವು, ಸುಸ್ತು, ಆಸಕ್ತಿ ಎಲ್ಲ ಹೇಗಿತ್ತು ಅಂತ ಕೇಳುತ್ತೆ, ಒಟ್ಟು ಅಂಕ 27ರವರೆಗೆ ಹೋಗಬಹುದು. 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ನಾನು ಮನೋವೈದ್ಯರ ಹತ್ರ ಕಳಿಸ್ತೀನಿ. ಇವರದ್ದು ಅದಕ್ಕಿಂತ ಕಮ್ಮಿ ಬಂತು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳಿದೆ, ಇಲ್ಲ ಅಂದ್ರು. ಸುಸ್ತು ಜಾಸ್ತಿ ಅಂದಿದ್ದಕ್ಕೆ ತಮ್ಮ ಡಾಕ್ಟರ್ ಹತ್ರ ಶುಗರ್, ಥೈರಾಯ್ಡ್, ಹಿಮೋಗ್ಲೋಬಿನ್ ಚೆಕ್ ಮಾಡಿಸೋಕೆ ಹೇಳಿದೆ. ಥೈರಾಯ್ಡ್ ಕಮ್ಮಿ ಇರೋರಿಗೆ ನೋಟ್‌ಬುಕ್ ಕೊಟ್ಟು ದಿನದ ಒಳ್ಳೆ ಸಂಗತಿ ಬರೀರಿ ಅಂತ ಕೂರಿಸಿದ್ರೆ ಅನ್ಯಾಯ ಆಗುತ್ತೆ. ರಿಪೋರ್ಟ್ ಎಲ್ಲ ಸರಿ ಇತ್ತು.

ಆಮೇಲೆ ಒಂದು ಪ್ರಶ್ನೆ ಕೇಳಿದೆ. "ಸರ್, ಹೋದ ಮಂಗಳವಾರ ಎದ್ದಾಗಿಂದ ಮಲಗೋವರೆಗೂ ಏನೇನಾಯ್ತು ಹೇಳಿ."

"ಬ್ಯಾಂಕಿಗೆ ಹೋದೆ, ಬಂದೆ."

ಅವಸರ ಮಾಡದೆ ಕೇಳ್ತಾ ಹೋದೆ. ಎದ್ದಾಗ ಬೆಳಕಾಗಿತ್ತಾ, ಚಹಾ ಯಾರು ಮಾಡಿದ್ರು, ಗಾಡಿಲಿ ಹೋದ್ರಾ ನಡ್ಕೊಂಡಾ, ಮೊದಲನೇ ಗಿರಾಕಿ ಯಾರು. ಸರ್ವರ್ ಡೌನ್ ಆಗಿದ್ದು ಮತ್ತೆ ಯಾರೋ ಒಬ್ರು ಜಗಳ ಆಡಿದ್ದು, ಇವೆರಡು ಚೆನ್ನಾಗಿ ನೆನಪಿತ್ತು, ಉಳಿದಿದ್ದು ಏನೂ ಇಲ್ಲ. ಆಗ ಅವರೇ ಅಂದ್ರು, "ಕ್ಯಾಶ್ ಶಾರ್ಟ್ ಬಂದ ದಿನ ಇಪ್ಪತ್ತು ವರ್ಷ ಆದ್ರೂ ಮರೆಯಲ್ರಿ ಮೇಡಂ, ಟ್ಯಾಲಿ ಆದ ದಿನ ಒಂದೂ ನೆನಪಿರಲ್ಲ."

ಇದಕ್ಕಿಂತ ಚೆನ್ನಾಗಿ ನಾನು ಹೇಳೋಕೆ ಆಗ್ತಿರಲಿಲ್ಲ. ನಮ್ಮೆಲ್ಲರ ತಲೆ ಇರೋದೇ ಹಾಗೆ, ಕೆಟ್ಟದ್ದು ಒಳ್ಳೇದಕ್ಕಿಂತ ಜೋರಾಗಿ ತಟ್ಟುತ್ತೆ, ಜಾಸ್ತಿ ದಿನ ಉಳಿಯುತ್ತೆ ಅಂತ ಮನಶ್ಶಾಸ್ತ್ರಜ್ಞ ಬೌಮೈಸ್ಟರ್ ಮತ್ತೆ ಅವರ ಜೊತೆಯವರು 2001ರಲ್ಲಿ ತುಂಬಾ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿ ಬರೆದಿದ್ರು. ಅದರ ಜೊತೆಗೆ ದಿನಾ ಸಿಗೋ ವಸ್ತು ಎಷ್ಟೇ ಒಳ್ಳೇದಾಗಿದ್ರೂ ಮನಸ್ಸು ಅದಕ್ಕೆ ಒಗ್ಗಿಹೋಗುತ್ತೆ. ಹಾಗಾಗಿ ಇದು ಯೋಗ್ಯತೆಯ ಪ್ರಶ್ನೆ ಅಲ್ಲ, ಗಮನ ಎಲ್ಲಿ ಹೋಗ್ತಿದೆ ಅನ್ನೋದು ಅಂತ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲ ಆಯ್ತು.

ಆಗ ನೋಟ್‌ಬುಕ್ ವಿಷಯ ತೆಗೆದೆ. ದಿನಾ ರಾತ್ರಿ ಮೂರು ಒಳ್ಳೆ ಸಂಗತಿ, ಒಂದೇ ವಾರ ಸಾಕು ಅಂದೆ. ಮುಂದಿನ ವಾರ ನೋಟ್‌ಬುಕ್ ತಂದ್ರು, ಪ್ರತಿ ಪುಟದಲ್ಲೂ "ದೇವರು, ಆರೋಗ್ಯ, ಕುಟುಂಬ", ಅಕ್ಷರ ಮಾತ್ರ ಚಲನ್ ತುಂಬಿದ ಹಾಗೆ ಅಚ್ಚುಕಟ್ಟು. ತುಂಬಾ ಜನ ಹೀಗೇ ಬರೀತಾರೆ, ನಿಲ್ಲಿಸೋದೂ ಇಲ್ಲೇ. ಇಷ್ಟು ದೊಡ್ಡ ದೊಡ್ಡ ಹೆಸರುಗಳಲ್ಲಿ ಆ ದಿನದ್ದು ಅಂತ ಏನೂ ಇರಲ್ಲ, ಬುಧವಾರಕ್ಕೂ ಗುರುವಾರಕ್ಕೂ ವ್ಯತ್ಯಾಸಾನೇ ಇರಲ್ಲ.

ಎರಡು ಬದಲಾವಣೆ ಮಾಡಿದ್ವಿ. ಒಂದು, ಎದುರಿಗೆ ನಿಂತು ಫೋಟೋ ತೆಗೆಯೋಕೆ ಆಗೋ ಅಂಥದ್ದನ್ನ ಮಾತ್ರ ಬರೀಬೇಕು. ಆರೋಗ್ಯದ ಫೋಟೋ ತೆಗೆಯೋಕೆ ಆಗಲ್ಲ, ಮಧ್ಯಾಹ್ನ ಡಬ್ಬಿ ತೆಗೆದಾಗ ರೊಟ್ಟಿ ಇನ್ನೂ ಮೆತ್ತಗಿತ್ತು ಅನ್ನೋದರದ್ದು ತೆಗೀಬಹುದು. ಎರಡು, ಪಕ್ಕದಲ್ಲಿ "ಇದು ಯಾಕಾಯ್ತು" ಅಂತ ಒಂದು ಸಾಲು. ಇದು ನನ್ನ ಸ್ವಂತದ್ದಲ್ಲ, 2005ರಲ್ಲಿ ಮನಶ್ಶಾಸ್ತ್ರಜ್ಞ ಸೆಲಿಗ್‌ಮನ್ ಮತ್ತೆ ಜೊತೆಯವರು ಪ್ರಕಟಿಸಿದ ಪ್ರಯೋಗದಲ್ಲಿ ಇದ್ದಿದ್ದೇ ಹಾಗೆ, ಒಂದು ವಾರ, ದಿನಕ್ಕೆ ಮೂರು, ಪ್ರತಿಯೊಂದಕ್ಕೂ ಕಾರಣ. ಆರು ತಿಂಗಳಾದ್ಮೇಲೂ ಅದರ ಫಲ ಕಂಡಿತ್ತು, ಅದರಲ್ಲೂ ವಾರ ಮುಗಿದ ಮೇಲೂ ತಾವಾಗೇ ಮುಂದುವರಿಸಿದೋರಲ್ಲಿ ಚೆನ್ನಾಗಿ ಕಂಡಿತ್ತು. ಜನ ಈ "ಯಾಕೆ" ಅನ್ನೋದನ್ನ ಬಿಟ್ಟುಬಿಡ್ತಾರೆ, ನನ್ನ ಪ್ರಕಾರ ಅರ್ಧ ಕೆಲಸ ಮಾಡೋದೇ ಅದು, ಯಾಕಂದ್ರೆ ಕಾರಣ ಹುಡುಕ್ತಾ ಹೋದ್ರೆ ಅಲ್ಲೊಬ್ಬ ಮನುಷ್ಯ ಸಿಗ್ತಾನೆ.

ಇವರಿಗೂ ಸಿಕ್ಕಿದ್ದು ಹಾಗೇ. ಎರಡನೇ ವಾರದ ಒಂದು ಸಾಲು ಹೀಗಿತ್ತು, "ಬೆಳಿಗ್ಗೆ ಎದ್ದಾಗ ಕೊಡ, ಡ್ರಮ್ ಎಲ್ಲ ತುಂಬಿದ್ವು." ಪಕ್ಕದಲ್ಲಿ ಕಾರಣ, "ರಾತ್ರಿ ನಲ್ಲಿ ಬಂದಿತ್ತು." ಅದನ್ನ ಹೊಡೆದುಹಾಕಿ ಕೆಳಗೆ ಮತ್ತೆ ಬರೆದಿದ್ರು, "ರಾತ್ರಿ ನಲ್ಲಿ ಬಂದಾಗ ಇವಳು ಎದ್ದಿದ್ಳು." ಅವರ ಓಣಿಗೆ ಕೆಲವು ದಿನಕ್ಕೊಂದು ಸಲ ನೀರು ಬಿಡ್ತಾರೆ, ಬರೋ ಹೊತ್ತು ಗೊತ್ತಿರಲ್ಲ, ಎಷ್ಟೋ ಸಲ ನಡುರಾತ್ರಿ. ಮದುವೆಯಾದಾಗಿಂದ ಎದ್ದು ಹಿಡಿದಿದ್ದು ಹೆಂಡತಿ ಒಬ್ರೇ. ಬೆಳಿಗ್ಗೆ ನೀರಿರುತ್ತೆ ಅನ್ನೋದು ಗೊತ್ತಿತ್ತು, ಅದರ ಹಿಂದೆ ಒಬ್ಬರ ನಿದ್ದೆ ಹೋಗಿದೆ ಅನ್ನೋದನ್ನ ಅವರು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

"ಹೆಂಡತಿಗೆ ಇದನ್ನ ಹೇಳಿದ್ರಾ" ಅಂದೆ. ಗಾಬರಿಯಾದ್ರು. "ಮನೆಯೋರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನ್ರಿ? ಪರಕೀಯರಿಗೆ ಹೇಳಿದಂಗೆ ಆಗ್ತೈತಿ."

ಅವರು ಹೇಳಿದ್ದು ನಿಜ. ನಮ್ಮ ಮನೆಗಳಲ್ಲಿ ಗಂಡ ಬಂದು ಥ್ಯಾಂಕ್ಸ್ ಅಂದ್ರೆ ಹೆಂಡತಿ ಏನಾಯ್ತು ಇವರಿಗೆ ಅಂತ ಹಣೆ ಮುಟ್ಟಿ ನೋಡ್ತಾಳೆ. ಹಾಗಾಗಿ ಆ ಮಾತು ಬೇಡ, ಕಂಡಿದ್ದನ್ನ ಮಾತ್ರ ಹೇಳಿ ಅಂದೆ. "ರಾತ್ರಿ ನೀನೊಬ್ಳೇ ಎದ್ದು ನೀರು ಹಿಡಿದಿದ್ದೆ ಅಲ್ಲ, ನನಗೆ ಎಚ್ಚರಾನೇ ಆಗಲಿಲ್ಲ" ಅಂತ, ಅಷ್ಟೇ. ಕಂಡಿದೆ ಅಂತ ಇನ್ನೊಬ್ಬರಿಗೆ ಗೊತ್ತಾಗೋದು ಮುಖ್ಯ.

ಹೇಳಿದ್ರು. ಹೆಂಡತಿಗೆ ಖುಷಿ ಆಗಲಿಲ್ಲ, ಸಿಟ್ಟು ಬಂತು. ಮುಂದಿನ ಸಲ ಇಬ್ರೂ ಬಂದಾಗ ಅವರು ನನ್ನೆದುರೇ ಅಂದ್ರು, "ಇಷ್ಟು ವರ್ಷ ಆಯ್ತು ಮೇಡಂ, ಮೈ ನೆಟ್ಟಗಿಲ್ಲದಾಗಲೂ ಎದ್ದೀನಿ, ಬಸುರಿ ಇದ್ದಾಗಲೂ ಕೊಡ ಎತ್ತೀನಿ, ಈಗ ಕಣ್ಣಿಗೆ ಬಿತ್ತಂತ್ರಿ." ಗಂಡ ಸುಮ್ನೆ ಕೂತಿದ್ರು. ನಾನು ಆ ಸಿಟ್ಟನ್ನ ತಣ್ಣಗೆ ಮಾಡೋಕೆ ಹೋಗಲಿಲ್ಲ. ಅದು ಬರಬೇಕಾದ ಸಿಟ್ಟೇ, ಇನ್ನೊಬ್ಬರು ಕೊನೆಗೂ ನೋಡಿದ್ದಾರೆ ಅಂದಾಗಲೇ ಎಷ್ಟೋ ವರ್ಷದ್ದು ಹೊರಗೆ ಬರೋದು. ಅವರ ಮಾತು ಮುಗಿದ ಮೇಲೆ ಗಂಡನ ಕಡೆ ತಿರುಗಿ ಇಷ್ಟೇ ಕೇಳಿದೆ, ಕಂಡಿದ್ದಾಯ್ತು, ಇನ್ನು ಏನು ಮಾಡ್ತೀರಾ? ಶುಕ್ರವಾರ, ಶನಿವಾರ ರಾತ್ರಿ ನೀರು ಬಂದ್ರೆ ನಾನೇ ಏಳ್ತೀನಿ ಅಂದ್ರು. ಮಗ ಯಾಕೆ ಏಳಬಾರದು ಅಂತ ಹೆಂಡತಿ ಕೇಳಿದ್ರು, ಅದೂ ಸರಿಯಾದ ಪ್ರಶ್ನೇನೇ, ಅವನ ಹೆಸರೂ ಸೇರಿತು. ಕೆಲಸ ಒಬ್ಬರ ಮೇಲೇ ಇದ್ದು ಅವರಿಗೆ ಬರೀ ಒಳ್ಳೆ ಮಾತು ಜಾಸ್ತಿ ಸಿಗೋದಕ್ಕೆ ನಾನು ಒಪ್ಪಲ್ಲ.

ಇನ್ನೊಂದು ಸಾಲು ಬಂದಿದ್ದು ನವೆಂಬರಲ್ಲಿ. ಪೆನ್ಷನ್ ತಗೊಳ್ಳೋರು ವರ್ಷಕ್ಕೊಂದು ಸಲ ಜೀವಿತ ಪ್ರಮಾಣಪತ್ರ ಕೊಡಬೇಕಲ್ಲ, ಬ್ಯಾಂಕಲ್ಲಿ ಆ ತಿಂಗಳು ಅದೇ ಗದ್ದಲ. ತುಂಬಾ ವಯಸ್ಸಾದ ಒಬ್ರು ಬಂದಿದ್ರಂತೆ, ಬೆರಳು ಸವೆದು ಮಿಷನ್ ಹಿಡೀಲೇ ಇಲ್ಲ, ಮೂರು ನಾಲ್ಕು ಸಲ ಒತ್ತಿಸಿದ್ರೂ ಇಲ್ಲ, ಹಿಂದೆ ಕ್ಯೂ. ಇವರು ಕೌಂಟರ್ ಬಿಟ್ಟು ಎದ್ದು ಬಂದು ಮೊಬೈಲಲ್ಲಿ ಮುಖ ತೋರ್ಸಿ ಮಾಡೋ ವ್ಯವಸ್ಥೇಲಿ ಮಾಡಿಸಿಕೊಟ್ರು. ಆ ಅಜ್ಜ ಹೋಗ್ತಾ ಹೋಗ್ತಾ "ಉಂಡೇನಪ್ಪಾ" ಅಂತ ಕೇಳಿದ್ರಂತೆ. ಅದನ್ನ ಬರೆದು, ಪಕ್ಕದ "ಯಾಕೆ" ಜಾಗ ಖಾಲಿ ಬಿಟ್ಟಿದ್ರು.

ಯಾಕೆ ಬರೀಲಿಲ್ಲ ಅಂತ ಕೇಳಿದ್ದಕ್ಕೆ ತುಂಬಾ ಹೊತ್ತು ಮಾತು ಬರಲಿಲ್ಲ. ಅವರ ಅಪ್ಪ ಮೇಷ್ಟ್ರಾಗಿ ರಿಟೈರ್ ಆದೋರು. ಪ್ರತಿ ನವೆಂಬರಲ್ಲೂ ಇವರೇ ಅಪ್ಪನ್ನ ಗಾಡಿ ಹಿಂದೆ ಕೂರಿಸ್ಕೊಂಡು ಇದೇ ಪತ್ರಕ್ಕೆ ಕರ್ಕೊಂಡು ಹೋಗ್ತಿದ್ರು. ಅಪ್ಪ ತೀರ್ಕೊಂಡು ಒಂದು ವರ್ಷದ ಮೇಲಾಗಿತ್ತು. ತಿಥಿ, ಖಾತೆ ಬದಲಾವಣೆ, ಪೆನ್ಷನ್ ನಿಲ್ಲಿಸೋ ಅರ್ಜಿ, ಎಲ್ಲ ಇವರೇ ನಿಂತು ಮಾಡಿದ್ರು, ಅಳೋಕೆ ಪುರುಸೊತ್ತೇ ಆಗಿರಲಿಲ್ಲ. ಅವತ್ತು ನನ್ನ ಮುಂದೆ ಅತ್ರು. "ಉಂಡೇನು ಅಂತ ಕೇಳೋರು ಅವರೊಬ್ರೇ ಇದ್ರು ಮೇಡಂ" ಅಂದ್ರು.

ಅಣ್ಣ ಕೇಳಿದ "ನಿಂಗೇನ್ ಕಮ್ಮಿ" ಅನ್ನೋ ಪ್ರಶ್ನೆಗೆ ಉತ್ತರ ಇದೇ ಆಗಿತ್ತು, ಅಪ್ಪ ಇರಲಿಲ್ಲ. ಅದನ್ನ ಹೇಳೋಕೆ ಯಾರೂ ಜಾಗ ಕೊಟ್ಟಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಭೇಟಿಗಳು ಜಾಸ್ತಿ ಅಪ್ಪನ ಬಗ್ಗೇನೇ ಆದ್ವು. ನೋಟ್‌ಬುಕ್ಕಿನ ಎಡ ಪುಟದಲ್ಲಿ ಒಳ್ಳೇದು, ಬಲ ಪುಟದಲ್ಲಿ ನೋವು, ಸಿಟ್ಟು, ಬೇಜಾರು ಏನಿದ್ರೂ ಬರೀರಿ, ಒಂದನ್ನ ಬರೆದ್ರೆ ಇನ್ನೊಂದು ಸುಳ್ಳಾಗಲ್ಲ ಅಂದೆ. ಬಲಗಡೆ ಆಫೀಸಿನ ಸಂಗತಿಗಳೂ ಬಂದ್ವು, ಇಬ್ಬರ ಕೆಲಸ ಒಬ್ರೇ ಮಾಡ್ತಿರೋದು, ಊಟಕ್ಕೆ ಏಳೋಕೂ ಆಗದೇ ಇರೋದು. ಅದರ ಬಗ್ಗೆ ಮ್ಯಾನೇಜರಿಗೆ ಬರವಣಿಗೇಲಿ ಕೊಡಿ ಅಂತ ಹೇಳಿದೆ, ಕೊಟ್ರು.

ಇದೇ ಥರ ಯಾವುದ್ರಲ್ಲೂ ಮನಸ್ಸಿಲ್ಲದೆ ವಾರ ಕಳೀತಿರೋರಿಗೆ ನಾನು ಹೇಳೋದು ಇಷ್ಟು. ದಿನಾ ಬರೀಲೇಬೇಕು ಅಂತ ಹಠ ಬೇಡ. 2003ರಲ್ಲಿ ಎಮ್ಮನ್ಸ್, ಮೆಕ್‌ಕಲಾ ಅನ್ನೋ ಮನಶ್ಶಾಸ್ತ್ರಜ್ಞರ ಮೊದಲನೇ ಅಧ್ಯಯನದಲ್ಲಿ ಜನ ವಾರಕ್ಕೊಂದೇ ಸಲ, ಕೃತಜ್ಞತೆ ಅನ್ನಿಸಿದ ಐದರವರೆಗೆ ಸಂಗತಿಗಳನ್ನ, ಸುಮಾರು ಹತ್ತು ವಾರ ಬರೆದಿದ್ರು, ಕಿರಿಕಿರಿಗಳನ್ನ ಪಟ್ಟಿ ಮಾಡಿದ ಗುಂಪಿಗಿಂತ ಇವರಿಗೆ ತಮ್ಮ ಬದುಕಿನ ಬಗ್ಗೆ ಒಟ್ಟಾರೆ ಚೆನ್ನಾಗಿ ಅನ್ನಿಸಿತ್ತು. ಮನಶ್ಶಾಸ್ತ್ರಜ್ಞೆ ಲುಬೊಮಿರ್ಸ್ಕಿ ಅವರ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದೋರಿಗೆ ಉಪಯೋಗ ಆಯ್ತು, ವಾರಕ್ಕೆ ಮೂರು ಸಲ ಬರೆದೋರಿಗೆ ಆಗಲಿಲ್ಲ. ಹಾಗಾಗಿ ಒಂದು ವಾರ ದಿನಾ ಬರೆದು ಕಣ್ಣು ಪಳಗಿಸ್ಕೊಳ್ಳಿ, ಆಮೇಲೆ ಭಾನುವಾರಕ್ಕೆ ಇಟ್ಕೊಳ್ಳಿ. ಚೆನ್ನಾಗಿರೋದು ಸಿಕ್ಕಿದ ಹೊತ್ತಲ್ಲೇ ಒಂದೆರಡು ಉಸಿರು ಅಲ್ಲೇ ನಿಲ್ಲಿ, ಫೋನ್ ತೆಗೀಬೇಡಿ. ಬೇರೆಯವರ ಕಷ್ಟ ನೋಡಿ ನಮ್ಮದು ವಾಸಿ ಅಂದ್ಕೊಳ್ಳೋ ಅಭ್ಯಾಸ ಬಿಡಿ, ಅದರಲ್ಲಿ ಆ ಬೇರೆಯವರಿಗೂ ಮರ್ಯಾದೆ ಇಲ್ಲ. ಏನೂ ಸಿಗದ ವಾರ ಬಂದ್ರೆ ಖಾಲಿ ಬಿಡಿ.

ಮನೇಲಿ ಹೊಡೆತ, ಬೈಗುಳ ತಿಂತಾ ಇರೋರಿಗೆ ಇದನ್ನ ನಾನು ಕೊಡಲ್ಲ, ಅವರಿಗೆ ಮೊದಲು ಬೇಕಾಗಿರೋದು ರಕ್ಷಣೆ. ಖಿನ್ನತೆ ಜೋರಾಗಿರೋರಿಗೂ ಇದೊಂದೇ ಸಾಕಾಗಲ್ಲ, ಖಿನ್ನತೆ ಮೇಲೆ ಇಂಥ ಅಭ್ಯಾಸಗಳ ಪರಿಣಾಮ ಚಿಕ್ಕದು ಅಂತಾನೇ ಆಮೇಲಿನ ವಿಮರ್ಶೆಗಳು ಹೇಳಿರೋದು. ಎರಡು ವಾರ ಮೀರಿ ನಿದ್ದೆ, ಊಟ, ಕೆಲಸ ಎಲ್ಲ ಏರುಪೇರಾಗಿದ್ರೆ, ಸಾಯಬೇಕು ಅನ್ನಿಸ್ತಿದ್ರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅವರು ಈಗಲೂ ತಿಂಗಳಿಗೊಮ್ಮೆ ಬರ್ತಾರೆ, ಅಪ್ಪನ ವಿಷಯಕ್ಕೆ. ಮೊನ್ನೆ ಅಣ್ಣನ್ನೂ ಕರ್ಕೊಂಡು ಬರಲಾ ಅಂತ ಕೇಳಿದ್ರು, ಅವರೂ ಒಂದು ಸಲಾನೂ ಅತ್ತಿಲ್ವಂತೆ. ಕರ್ಕೊಂಡು ಬನ್ನಿ ಅಂದಿದೀನಿ.